ನಾಲ್ಕು ಕಮ್ಮಿ

ಬೋರ್ಡು ಬರೆಯುವವನು ನಾನು. ರಾಚು ಆರ್ಟ್ಸ್, ಕೆಸರೆ.
ಫ್ಲೆಕ್ಸು ಬಂದ ಮೇಲೆ ನನ್ನ ಬ್ರಷ್ಷು ಒಣಗಿ
ಪೊರಕೆಕಡ್ಡಿಯಾಗಿತ್ತು.
ಸಂಘದ ಹುಡುಗಿ ಬಂದಳು, ನಾಲ್ಕು ಡಬ್ಬಿ ಬಣ್ಣ ತಂದಳು,
ಪಂಪ್‌ಹೌಸಿನ ಗೋಡೆ ತೋರಿಸಿ ಅಂದಳು:
ಇಲ್ಲಿ ಬಡತನ ಬರೀಬೇಕು ಅಂಕಲ್,
ಬೀದಿಯವರೆಲ್ಲ ಸೇರಿ.

ಅದೇನು ಮಹಾ.
ಇಪ್ಪತ್ತೆರಡು ವರ್ಷ ಬರೆದಿದ್ದೇನೆ
ಹಾಲಿನ ಡೇರಿಗೆ ನಗುವ ಹಸು, ದಂತವೈದ್ಯರಿಗೆ ಹೊಳೆವ ಹಲ್ಲು.
ಬಡತನಕ್ಕೆ ಬತ್ತಿದ ಕೆನ್ನೆ, ಖಾಲಿ ತಟ್ಟೆ, ಚಾಚಿದ ಕೈ.
ಸೀಮೆಸುಣ್ಣದಲ್ಲಿ ಕೈಯೊಂದು ಮುಗಿದಿತ್ತು, ಅಷ್ಟರಲ್ಲಿ
ಊದುಬತ್ತಿ ಮಣೆ ಬಿಟ್ಟು ಎದ್ದು ಬಂದಳು ಚಿಕ್ಕತಾಯಮ್ಮ:
“ಯಾರದಪ್ಪ ಈ ಕೈ?
ನಾವ್ಯಾರೂ ಹಿಂಗೆ ಚಾಚಿಲ್ಲ. ಅಳಿಸು.”

ಅಳಿಸಿದೆ.
ಸರಿಯಾಗಿ ಹೋಗಿಲ್ಲವೆಂದು ಸೆರಗಿನಿಂದ ಅವಳೇ ಇನ್ನೊಮ್ಮೆ ಒರೆಸಿದಳು.

ಮತ್ತೇನು ಬರೆಯೋದು?
ಕೂತಲ್ಲಿಂದಲೇ ಹೇಳಿದರು, ಕೈ ನಿಲ್ಲಿಸದೆ.
ಸಿಲಿಂಡರು ಬರಿ, ತುಂಬಿಸಿ ವರ್ಷವಾಯ್ತು,
ಮೇಲೆ ಕಸೂತಿ ಬಟ್ಟೆ ಹಾಸಿ ಟಿವಿ ಇಟ್ಟಿದ್ದೀನಿ, ಅದನ್ನೂ ಬರಿ.
ಹಬೀಬುನ್ನೀಸಾ ಹೆಬ್ಬೆಟ್ಟು ಎತ್ತಿ ತೋರಿಸಿದಳು:
ಹೊಸೆದೂ ಹೊಸೆದೂ ಗೆರೆ ಸವೆದಿದೆ,
ರೇಷನ್ ಅಂಗಡಿ ಮಿಷನ್ನು ಕೇಳುತ್ತೆ, ಯಾರಮ್ಮ ನೀನು?
ಇಲ್ಲದ ಗೆರೆಯನ್ನು ಬರೆಯುವ ವಿದ್ಯೆ
ನನಗೆ ನನ್ನ ಗುರು ಕಲಿಸಿರಲಿಲ್ಲ.

ಕೊನೆಗೆ ಚಿಕ್ಕತಾಯಮ್ಮನೇ ಅಂದಳು, ಸಾವಿರ ಕಡ್ಡಿ ಬರಿ.
ಬಾಯಲ್ಲಿ ಸಾವಿರ ಅನ್ನೋದು ಸುಲಭ.
ಕಣ್ಣಿಂದ ಎಣಿಸಲಿ ಒಂದ್ಸಲ.

ನನ್ನ ಬಣ್ಣದ ಡಬ್ಬಿ ಮುಟ್ಟಲಿಲ್ಲ ಯಾರೂ.
ಇದ್ದಿಲಪುಡಿ ಮಸಾಲೆಗೆ ಗೋಂದು ಕಲಸಿದರು,
ಬೆರಳಲ್ಲೇ ಎಳೆದರು, ಮೇಲಿಂದ ಕೆಳಕ್ಕೆ, ಒಂದು ಗೇಣು.
ಅಡುಗೆ ಮುಗಿಸಿ ಬಂದವರು ಹತ್ತು, ಇಸ್ಕೂಲು ಬಿಟ್ಟು ಬಂದವರು ಐದು,
ಗಾರೆ ಕೆಲಸದ ಸಿಂಗ್ರಯ್ಯ ಕುಡಿದು ಬಂದು ಎರಡು, ಸೊಟ್ಟ.
ಮುನ್ನೂರ ಹತ್ತಕ್ಕೆ ಗೋಡೆ ಮುಗಿಯಿತು.
ಮೂಲೆ ತಿರುಗಿದೆವು. ಗಂಡಸರು ಉಚ್ಚೆ ಹೊಯ್ಯುವ ಹಿಂಬದಿ ತೊಳೆದು
ಅಲ್ಲೂ ಎಳೆದೆವು. ಪಕ್ಕದ ಕಾಂಪೌಂಡಿನವರು ಬೈದು, ನೋಡಿ,
ಆಮೇಲೆ ಏಣಿ ಕೊಟ್ಟರು.
ಕೆಳಗೆ ನಾನು ಬರೆದದ್ದು ಒಂದೇ ಸಾಲು, ನೆರಳು ಕೊಟ್ಟು, ದಪ್ಪಕ್ಷರದಲ್ಲಿ:
ಸಾವಿರಕ್ಕೆ ಮೂವತ್ತೆಂಟು ರೂಪಾಯಿ.

ಭಾನುವಾರ ಅತಿಥಿಗಳು ಬಂದರು. ದೂರ ನಿಂತು ಕೇಳಿದರು,
“ಮಳೆಯಲ್ವಾ ಇದು? ತುಂಬ ಚೆನ್ನಾಗಿದೆ.”
ಹಬೀಬುನ್ನೀಸಾಳ ಮೊಮ್ಮಗ ಜುನೈದ್ ಗಟ್ಟಿಯಾಗಿ ಎಣಿಸುತ್ತಿದ್ದ,
ನೂರಾ ತೊಂಬತ್ತಕ್ಕೆ ಅವರು ಗಡಿಯಾರ ನೋಡಿಕೊಂಡರು,
ಇನ್ನೂರಾ ಆರಕ್ಕೆ ಕಾರಿನ ಬಾಗಿಲು ಮುಚ್ಚಿತು.

ಸಂಜೆ ಏಜೆಂಟ್ ಕೆಂಪರಾಜು ಬಂದ.
ಸ್ಕೂಟರು ಆರಿಸದೆ ನಿಂತ, ಆಮೇಲೆ ಆರಿಸಿದ.
ತುಟಿ ಅಲ್ಲಾಡಿಸುತ್ತ ಗೋಡೆಯುದ್ದಕ್ಕೂ ನಡೆದ,
ಮೂಲೆ ತಿರುಗಿದ, ಹಿಂದೆ ಹೋದ, ಏಣಿ ಸರಿಸಿ ನೋಡಿದ.
ಪೂರ್ತಿ ಎಣಿಸಿದವನು ಅವನೊಬ್ಬನೇ.
ವಾಪಸು ಬಂದು ಅಂದ:
“ಎರಡು ಸೊಟ್ಟ, ಹೋಗಲಿ ಬಿಡು.
ನಾಲ್ಕು ಕಮ್ಮಿ.”

ಯಾರೂ ಮಾತಾಡಲಿಲ್ಲ.
ಚಿಕ್ಕತಾಯಮ್ಮ ಎದ್ದಳು, ಸೊಂಟ ಹಿಡಿದುಕೊಂಡು,
ನಾಲ್ಕೂ ಬೆರಳು ಮಸಾಲೆಗೆ ಅದ್ದಿ
ಅವನ ಮುಖದ ಪಕ್ಕದಲ್ಲೇ
ಗೋಡೆಗೆ ಒಂದೇ ಸಲ ಎಳೆದಳು.

ಅವನ ಕೈ, ಅಭ್ಯಾಸ ನೋಡಿ,
ಜೇಬಿಗೆ ಹೋಗಿ ಲೆಕ್ಕದ ಪುಸ್ತಕ ತೆಗೆಯಿತು.
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ
ಯಾರ ಹೆಸರಿನ ಮುಂದೆ ಬರೆಯಬೇಕೆಂದು ತಿಳಿಯದೆ
ನಿಂತೇ ಇದ್ದ, ಬೀದಿದೀಪ ಹತ್ತುವವರೆಗೂ.