ತಕ್ಕದ್ದು, ಬಹುದು

ಹೆಸರೇ ಸಾರ್. ಕೊನೊ ಸೀಮೆಯಲ್ಲಿ
ಚೊಚ್ಚಲ ಗಂಡುಮಗುವಿಗೆಲ್ಲ ಅದೇ ಹೆಸರು.
ಆದರೂ ಫ್ರೀಟೌನಿನ ಈ ಕಚೇರಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಾಲ್ಕನೆಯ ದರ್ಜೆಯಲ್ಲಿರುವ
ಸಾರ್ ನ್ಯಾಂಡೆಮೊನನ್ನು
ಗೌರವಕ್ಕೆಂದು ಯಾರೂ ಸಾರ್ ಎಂದದ್ದಿಲ್ಲ.

ಹಳೆಯ ಉಗ್ರಾಣ ಖಾಲಿ ಮಾಡಿ, ಇಲಿಹಿಕ್ಕೆ ಗುಡಿಸಿ
ಐದು ಕುರ್ಚಿ ಹಾಕಿದ್ದಾನೆ. ಒಂದರ ಕಾಲು ಮೋಟು.
ಹಿಂದಿನ ಸಮಿತಿಯ ವೇತನ ವರದಿಯನ್ನೇ ಮಡಿಸಿ
ಅದರಡಿ ತುರುಕಿದ್ದಾನೆ, ಈಗ ಅಲುಗುವುದಿಲ್ಲ.
ಬಾಗಿಲಲ್ಲಿ ಬೋರ್ಡು ಬರೆಯುವವನಿಗೆ
'ಸ್ವತಂತ್ರ' ಎಂಬಲ್ಲಿಗೆ ಬಂದಾಗ ಬಣ್ಣ ಮುಗಿಯಿತು.
ಹಣಕಾಸು ಇಲಾಖೆಯಿಂದ ಅರ್ಧ ಡಬ್ಬ ಕಡ ತಂದರು.
ಕರೆಂಟೂ ಅವರದೇ ಮೀಟರಿನದು.

ಮಧ್ಯಾಹ್ನ ಮಂಡಳಿ ಕೂತಿತು.
ಮೊದಲ ವಿಷಯ, ಸದಸ್ಯರ ಭತ್ಯೆ.
ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ ಒಮೊಟಾಯೊ ಮೆಟ್ಜ್ಗರ್
ಕನ್ನಡಕದ ಮೇಲಿಂದ ನೋಡಿ, 'ಅದು ಕೊನೆಗೆ' ಅಂದರು.
ಯಾರೋ ಕೆಮ್ಮಿದರು.

ಆಮೇಲೆ ಕಾಗದಗಳು.
ಜೈಲು ಕಾವಲಿನವರದು, ಬಂದರಿನಲ್ಲಿ ಉಬ್ಬರವಿಳಿತ ಬರೆದಿಡುವವನದು,
ಮಂತ್ರಿಯ ಡ್ರೈವರನಿಗೆ ನಮಗಿಂತ ಹೆಚ್ಚೇಕೆಂದು
ಕೆನೆಮಾದ ಹೆರಿಗೆ ವಾರ್ಡಿನ ಹನ್ನೊಂದು ಸಹಿ.
ಬರೆಯುವುದು ಲಿಯೋನಿನಲ್ಲಿ,
ಲೆಕ್ಕವೆಲ್ಲ ಅಕ್ಕಿಮೂಟೆಯಲ್ಲಿ.

ನಮ್ಮ ನುಡಿಯಲ್ಲಿ ಒಂದು ಕಾಲಕ್ಕೆ
ಸಂಬಳವೆಂದರೆ ದಾರಿಬುತ್ತಿ,
ಹೊರಟವನ ಹೆಗಲ ಗಂಟು.
ತಲುಪುವ ತನಕ ಸಾಲಬೇಕು, ಅಷ್ಟೆ.
ಇವರು ಕೇಳಿದ್ದೂ ಅಷ್ಟೆ:
ಇಪ್ಪತ್ತನೇ ತಾರೀಕಿನಿಂದ ಮೂವತ್ತರವರೆಗಿನ ದಾರಿ.

ಕೈಲಾಹುನ್ ಕಡೆಯಿಂದ ಒಂದು ಕಾಪಿ ಹಾಳೆ,
ಮಮಾವಾ ಜುಸು, ಶಿಕ್ಷಕಿ:
'ಒಂಬತ್ತು ವರ್ಷದಿಂದ ಪಾಠ ಮಾಡುತ್ತೇನೆ.
ಸರ್ಕಾರ ಇನ್ನೂ ನಂಬರು ಕೊಟ್ಟಿಲ್ಲ.
ಊರವರು ಮರಗೆಣಸು ಕೊಡುತ್ತಾರೆ, ತಾಳೆಯೆಣ್ಣೆ ಕೊಡುತ್ತಾರೆ.
ಎಲ್ಲರಿಗೂ ಶೇಕಡ ಹದಿನೈದು ಹೆಚ್ಚಂತೆ.
ಸೊನ್ನೆಗೆ ಹದಿನೈದು ಹೆಚ್ಚಾದರೆ ಎಷ್ಟು ಟೀಚರ್ ಎಂದು
ಹಿಂದಿನ ಬೆಂಚಿನ ಹುಡುಗ ಕೇಳಿದ.
ನಾನು ಲೆಕ್ಕದ ಟೀಚರು, ಉತ್ತರ ಕಳಿಸಿ.'

ಪಟ್ಟಿ ಶುರುವಾಗುವುದೇ ಒಂದನೆಯ ದರ್ಜೆಯಿಂದ.
ಮೆಟ್ಜ್ಗರ್ ಅಡಿಪಟ್ಟಿ ಕೇಳಿ ತರಿಸಿಕೊಂಡು
ಒಂದರ ಮೇಲೊಂದು ಗೆರೆ ಎಳೆದರು.
ಖಾಲಿ ಮನೆ. ಅಷ್ಟಗಲ ಜಾಗ.
'ಬರಕೋ: ಕೆಲಸಕ್ಕೆ ತಕ್ಕಷ್ಟು ಕೊಡತಕ್ಕದ್ದು.'

ಕಾನೂನು ಬಲ್ಲ ಸದಸ್ಯ ಮೆಲ್ಲಗೆ ಬಾಗಿದ.
'ಮೇಡಂ, ನಮ್ಮದು ಸಲಹೆ ಮಾತ್ರ.
ತಕ್ಕದ್ದು ಅನ್ನುವಂತಿಲ್ಲ. ಬಹುದು.'
ಫ್ಯಾನು ಒಂದು ಸುತ್ತು, ಎರಡು ಸುತ್ತು.
ಸರಿ. ಕೊಡಬಹುದು.

ಕೊನೆಗೆ ಬಂತು ಭತ್ಯೆ.
ಅಲ್ಲಿ ಮಾತ್ರ 'ತಕ್ಕದ್ದು' ಹಾಗೇ ಉಳಿಯಿತು.
ಯಾರೂ ಗಮನಿಸಲಿಲ್ಲ. ಅಥವಾ.

ಸಂಜೆ ಸಾರ್ ಆರು ಪ್ರತಿ ಟೈಪು ಮಾಡಿದ,
ಬಹುದು, ಬಹುದು ಎಂದು ಬಡಿಯುತ್ತ.
ಕಡತಕ್ಕೆ ಹೋಗುವ ಆರನೆಯದರಲ್ಲಿ
ಒಂದು ಕಡೆ ಬೆರಳು ಬೇರೆ ಪದ ಒತ್ತಿತು.
ತಿದ್ದಲು ಬಿಳಿ ಬಣ್ಣ ಇರಲಿಲ್ಲ.
ಇದ್ದರೂ ಹುಡುಕುತ್ತಿದ್ದನೇ, ಗೊತ್ತಿಲ್ಲ.

ಹೊರಗೆ ಮರಳುಗಾಡಿನ ಧೂಳುಗಾಳಿ.
ಹಸಿ ಅಕ್ಷರದ ಮೇಲೆ ಕೆಂಪಗೆ ಕೂತಿದೆ.
ಊದಿದ, ಹೋಗಲಿಲ್ಲ.
ಒರೆಸಿದರೆ ಅಕ್ಷರವೇ ಕೈಗೆ ಬಂದೀತೆಂದು
ಬಿಟ್ಟು ನಡೆದ.

ಇವತ್ತು ಇಪ್ಪತ್ತಮೂರು.
ಬುತ್ತಿ ಮುಗಿದಿದೆ.
ದಾರಿ ಇನ್ನೂ ಏಳು ದಿನ.