ತಿರಸ್ಕೃತ: ಒಂದು

ಹೊಸನಗರದ ಜೂನಿಯರ್ ಕಾಲೇಜು, ರಸಾಯನಶಾಸ್ತ್ರದ ಕೊಠಡಿ.
ಸಿಂಕಿನ ಮೇಲೆ ಹಲಗೆ ಹಾಸಿ ಟೇಬಲ್ಲು ಮಾಡಿದ್ದಾರೆ.
ಆರನೆಯದರಿಂದ ಕೂಗು ಬಂತು:
"ಲಾಯರಮ್ಮನ್ನ ಕರೀರಿ."

ನಾನು ಜಿಲ್ಲಾ ಪಂಚಾಯಿತಿಯ ವಕೀಲೆ.
ವರ್ಷವಿಡೀ ಚರಂಡಿ, ಒತ್ತುವರಿ, ಕಟ್ಟದೆ ಉಳಿದ ಮನೆಗಂದಾಯ.
ಎಣಿಕೆಯ ದಿನ ಮಾತ್ರ
ಕೊರಳಿಗೆ ಗುರುತಿನ ಚೀಟಿ, ಕಂಕುಳಲ್ಲಿ ನಿಯಮಗಳ ಪುಸ್ತಕ,
ಮಧ್ಯಾಹ್ನಕ್ಕೆ ಪೊಟ್ಟಣದ ಚಿತ್ರಾನ್ನ.

ಮಡಿಕೆ ಬಿಡಿಸಿದ ಒಂದು ಮತಪತ್ರ.
ಆಟೋರಿಕ್ಷಾದ ಎದುರು ಖಾಲಿ. ಟಾರ್ಚಿನ ಎದುರು ಖಾಲಿ.
ಹೊಲಿಗೆ ಯಂತ್ರದ ಎದುರು,
ಮೊಹರು ಬೀಳಬೇಕಾದ ಜಾಗದ ನಟ್ಟನಡುವೆ,
ಹೆಬ್ಬೆಟ್ಟು.

ಎಷ್ಟು ನೀಟಾಗಿ ಒತ್ತಿದ್ದಾಳೆ!
ಒತ್ತಿದ್ದಾಳೆ ಎಂದೆನೆ? ಹಾಗನ್ನುವಂತಿಲ್ಲ, ಹೊಡೆದುಹಾಕುತ್ತೇನೆ.
ಎಷ್ಟು ನೀಟಾಗಿ ಒತ್ತಲಾಗಿದೆ.
ಸುಳಿಯೊಳಗೆ ಸುಳಿ, ಅಡ್ಡಕ್ಕೆ ಒಂದು ಬಿಳಿ ಗೀಟು,
ಯಾವತ್ತೋ ಕತ್ತಿ ತಾಗಿ ಮಾಯ್ದದ್ದು.

"ಇದಕ್ಕಿಂತ ಸ್ಪಷ್ಟ ಬೇಕಾ ಮೇಡಂ?" ಹೊಲಿಗೆ ಯಂತ್ರದ ಏಜೆಂಟು.
ಆಟೋದ ಏಜೆಂಟು ಮಾತಾಡಲಿಲ್ಲ,
ಚೀಟಿ ಬಿಟ್ಟು ನನ್ನ ಪುಸ್ತಕವನ್ನೇ ನೋಡುತ್ತಿದ್ದ.
ತಹಶೀಲ್ದಾರರು ಕನ್ನಡಕ ತೆಗೆದು ಒರೆಸತೊಡಗಿದರು. ಅಂದರೆ
ನಾನು ಹೇಳಬೇಕು, ಅವರು ಬರೆಯುತ್ತಾರೆ.

ನನ್ನ ವಕಾಲತ್ತುಗಳಲ್ಲಿ ಇಂಥವು ಎಷ್ಟಿಲ್ಲ!
"ಎಡಗೈ ಹೆಬ್ಬೆಟ್ಟಿನ ಗುರುತು, ಸದರಿಯವರನ್ನು ಬಲ್ಲೆ"
ಎಂದು ಪಕ್ಕದಲ್ಲಿ ನಾನೇ ಸಹಿ ಹಾಕಿದ್ದೇನೆ.
ಕೋರ್ಟಿನಲ್ಲಿ ಅದೊಂದಿದ್ದರೆ ಮನುಷ್ಯನೇ ಬಂದು ನಿಂತ ಹಾಗೆ.
ಇಲ್ಲಿ
ಅದೇ ತಪ್ಪು.
ಡಬ್ಬದೊಳಗೆ ಹೋಗುವ ಮುಂಚೆ
ಹೆಸರನ್ನು ಹೊರಗೆ, ಚಪ್ಪಲಿಯ ಹಾಗೆ, ಬಿಟ್ಟು ಹೋಗಬೇಕು.

"ಮತದಾರರ ಗುರುತು ಸಿಗುವಂಥ ಯಾವುದೇ ಚಿಹ್ನೆಯಿದ್ದಲ್ಲಿ..."
ಓದಿದೆ. ದನಿ ನನ್ನದಲ್ಲ, ಪುಸ್ತಕದ್ದು ಎಂಬಂತೆ ಓದಿದೆ.
ಕೆಂಪು ಮೊಹರು. ಬೇರೆ ಲಕೋಟೆ.

ಸಂಜೆ ಹೊತ್ತಿಗೆ ಲೆಕ್ಕ ಬಂದು ನಿಂತದ್ದು:
ಹೊಲಿಗೆ ಯಂತ್ರ ಇನ್ನೂರ ಹದಿನಾಲ್ಕು,
ಆಟೋರಿಕ್ಷಾ ಇನ್ನೂರ ಹದಿನಾಲ್ಕು.
ಮತ್ತೆ ಎಣಿಸಿದರೂ ಅಷ್ಟೇ.
ಮತ್ತೆ ಪುಸ್ತಕ, ಮತ್ತೆ ನಾನು: ಚೀಟಿ ಎತ್ತುವುದು.
ಜವಾನ ಹಾಲೇಶಿ ತನ್ನ ಊಟದ ಡಬ್ಬಿ ತೊಳೆದು ತಂದ.
ಎಷ್ಟು ತೊಳೆದರೂ ಮುಚ್ಚಳಕ್ಕೆ ಅಪ್ಪೆಮಿಡಿಯ ವಾಸನೆ.
ಬಂದದ್ದು ಆಟೋ.

ಹೊರಗೆ ಪಟಾಕಿ, ಗುಲಾಲು.
ಗೇಟಿನ ಬಳಿ ಸೋತ ಕೆರಿಯಮ್ಮ,
ಸೆರಗಿಗೆ ಸಿಕ್ಕಿಸಿದ ಸೂಜಿ ಹಾಗೇ ಇತ್ತು.
ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ.
ಹತ್ತಿರ ಬಂದು ಮೆಲ್ಲಗೆ ಕೇಳಿದಳು:
"ಆ ಹೆಬ್ಬೆಟ್ಟಲ್ಲಿ ಅಡ್ಡಕ್ಕೊಂದು ಗಾಯದ ಗೀಟು ಇತ್ತಾ ಅಮ್ಮಾ?
ನಮ್ಮ ದೊಡ್ಡವ್ವಂದು ಹಂಗೇ.
ಗೆದ್ದೋರ ಮನೇಲೇ ಕೆಲಸಕ್ಕಿದ್ದು, ಅಲ್ಲೇ ಉಣ್ಣೋದು ಅದು."

ಎರಡು ಮಾರು ಆಚೆ ಆಟೋದ ಏಜೆಂಟು
ಪೇಡದ ಕಾಗದ ಮಡಿಸುತ್ತಿದ್ದ,
ಮಡಿಸಿದ್ದನ್ನೇ ಮಡಿಸುತ್ತಿದ್ದ.

"ಇರಲಿಲ್ಲ" ಅಂದೆ, ಅವನಿಗೂ ಕೇಳುವಷ್ಟು ಜೋರಾಗಿ.
"ಬರೀ ಮಸಿ. ಎಲ್ಲಾ ಕಲೆಸಿಹೋಗಿತ್ತು."