ಕಡವಿನ ದರಪಟ್ಟಿ

ಹುಬ್ಬಳ್ಳ್ಯಾಗ ಲಾರಿ ಬಾಡಿಗೆ ಪುಟ್ಟಿ ಹಚ್ಚೂದು ನನ್ನ ಕಸಬು.
ತಿಂಗಳಿಗೊಮ್ಮೆ ಹಾವೇರಿ ದಾಟಿ ತುಂಗಭದ್ರಾ ದಂಡಿಗೆ ಬರತೀನಿ,
ಹಂಸದ ಕುತ್ತಿಗಿ ಕೂಡಸಾಕ.
ಬೋಟ್ ಕ್ಲಬ್ಬಿನ್ಯಾಗ ಒಟ್ಟು ಹನ್ನೊಂದು ಹಂಸ, ಪೆಡಲ್ಲಿನವು,
ಹೊಟ್ಟಿ ಮ್ಯಾಲೆ ನಂಬರು.
ಐತವಾರ ದಾವಣಗೆರಿ ಕಡಿಂದ ಕಾರು ಬರತಾವ,
ಹುಡುಗರು ಕುತ್ತಿಗಿಗೆ ಜೋತುಬಿದ್ದು ಫೋಟೊ ತಗೀತಾವ;
ಫೈಬರ್ರು ಎಷ್ಟಂತ ತಡದೀತು.

ಪಾವಟಿಗಿ ಮಾತ್ರ ಹಳೀವು.
ಎಷ್ಟು ಹಳೀವಂದ್ರ ಯಾರಿಗೂ ಗೊತ್ತಿಲ್ಲ.
ಏಳು ಕಾಣತಾವ, ಉಳದದ್ದು ನೀರು ನುಂಗೇತಿ.
ಹ್ವಾದ ಬ್ಯಾಸಗ್ಯಾಗ ಹೊಳಿ ಇಳದಾಗ ಎಣಿಸಿಕೋತ ಹೋದೆ,
ಇಪ್ಪತ್ನಾಕಕ್ಕ ಉಸುಕು ಬಂತು,
ಕೆಳಗ ಇನ್ನೂ ಅದಾವಂತ ಕಾಲಿಗೆ ತಿಳೀತು.

ಮೂಲ್ಯಾಗೊಂದು ತೂತಿನ ಕಲ್ಲು.
ಹರಗೋಲು ಕಟ್ಟತಿದ್ರಂತ ಅದಕ್ಕ.
ಅಂಚಿಗೆ ಹಗ್ಗ ತಿಕ್ಕಿ ತಿಕ್ಕಿ ಕೊರಕಲ ಬಿದ್ದೇತಿ.
ತೋರಬೆರಳಿಟ್ಟೆ. ಬರೋಬ್ಬರಿ ಕುಂತಿತು.
ಪುಟ್ಟಿ ಹಚ್ಚಾಂವಗ ಗೊತ್ತು
ಯಾವುದನ್ನ ಸವಸಾಕ ಎಷ್ಟನೇ ನಂಬರಿನ ಕಾಗದ ಬೇಕಂತ.
ಮೆತ್ತನ ಹಗ್ಗಕ್ಕ, ಈ ಕಲ್ಲು, ಎಷ್ಟು ದಿನ ಹಿಡದಿರಬೇಕು?
ಲೆಕ್ಕ ಹಾಕಾಕ ಹೋಗಿ ಬಿಟ್ಟೆ.

ಟಿಕೆಟ್ ಕೊಡಾಕಿ ಫಕೀರವ್ವ, ಅಂಬಿಗರ ಮನಿಯಾಕಿ.
ಆಕಿ ಮುತ್ಯಾನ ಹುಟ್ಟು ಟಿಕೆಟ್ ಗೂಡಿನ ಮಾಡಿಗೆ ಜಂತಿ ಆಗೇತಿ.
ತಲಿ ಮ್ಯಾಲೆ ಬೋರ್ಡು:
ದೊಡ್ಡವರಿಗೆ ಅರವತ್ತು, ಸಣ್ಣವರಿಗೆ ಮೂವತ್ತು,
ಅರ್ಧ ತಾಸು ಮೀರಿದರೆ ದಂಡ,
ಕೊಟ್ಟ ಹಣ ವಾಪಸು ಕೊಡಲಾಗುವುದಿಲ್ಲ.
ಬಾಜೂಕ ಇನ್ನೊಂದು ಬೋರ್ಡು, ಕಲ್ಲಿಂದು,
ಎದಿ ಮಟ ಮಣ್ಣಾಗ ಹುಗದದ್ದು.
ಗುತ್ತಲದ ಮಾಸ್ತರ ಒಬ್ಬಾಂವ ಕೊಡ ನೀರು ಸುರವಿ ತೊಳದು
ಮೊಣಕಾಲೂರಿ ಓದಿದ್ದನಂತ:
ಮೆಣಸಿನ ಹೇರಿಗೆ ಇಷ್ಟು, ಎಣ್ಣಿ ಕೊಡಕ್ಕ ಇಷ್ಟು,
ಎತ್ತು ತಾನ ಈಸಿದ್ರ ಏನೂ ಇಲ್ಲ;
ಬಸರಿಗೆ, ಜಂಗಮಗ, ಸತ್ತವರನ್ನ ಹೊತ್ತು ಬಂದವರಿಗೆ
ಕೇಳಬಾರದು.
ಕೇಳಿದಾಂವ ಅರವತ್ತು ಸಾವಿರ ವರ್ಷ ಹುಳ ಆಗಲಿ.
“ನಮ್ಮ ಬೋರ್ಡಿನ ದಂಡ ಬಾಳ ಹಗರ ಬಿಡೊ ದಾವಲಣ್ಣಾ”
ಅಂತಾಳ ಫಕೀರವ್ವ.

ಮೊನ್ನೆ ಮಂಗಳವಾರ, ಗಿರಾಕಿ ಇಲ್ಲದ ಹೊತ್ತು,
ರಾಣೆಬೆನ್ನೂರ ಬಸ್ಸಿಳದು ಒಬ್ಬಾಕಿ ಬಂದಳು.
ತುಳಜಾಬಾಯಿ ಮೇರವಾಡೆ, ಕುಪ್ಪಸ ಹೊಲಿಯಾಕಿ.
ಕಂಕುಳಾಗ ಕೆಂಪು ಅರಿವಿ ಕಟ್ಟಿದ ಗಡಿಗಿ.
“ನಡುನೀರಿಗೆ ಹೋಗಬೇಕರಿ. ನಮ್ಮಕ್ಕ.”
ಇನ್ನೇನೂ ಹೇಳಲಿಲ್ಲ.

ಫಕೀರವ್ವ ಬೋರ್ಡು ನೋಡಿದಳು, ಅದರಾಗ ಇರಲಿಲ್ಲ.
ಕಲ್ಲಿನ ಕಡೆ ನೋಡಿದಳು.
ಟಿಕೆಟ್ ಪುಸ್ತಕ ಮುಚ್ಚಿದಳು.

ನೀರಾಗಿದ್ದದ್ದು ಒಂದ ಹಂಸ, ಏಳನೇ ನಂಬರಿಂದು;
ಅದರ ಕುತ್ತಿಗಿ ನಾ ಆಗಷ್ಟ ಮೆತ್ತಿದ್ದು, ಪುಟ್ಟಿ ಹಸಿ.
ರೂಲ್ಸ್ ಅಂದ್ರ ರೂಲ್ಸ್:
ಕಿತ್ತಳಿ ಬಣ್ಣದ ಜಾಕೀಟು ನನಗೊಂದು, ಆಕಿಗೊಂದು,
ಮತ್ತ, ಸ್ವಲ್ಪ ಹೊತ್ತು ನಿಂತು,
ಸಣ್ಣ ಹುಡುಗರ ಸೈಜಿಂದು ಒಂದು, ಗಡಿಗಿಗೆ.
ಬಕ್ಕಲ್ಲು ಫಕೀರವ್ವನ ಬಿಗದಳು.
ಯಾರೂ ನಗಲಿಲ್ಲ.
ಆಮ್ಯಾಲೆ ತುಳಜಾಬಾಯಿ ಒಬ್ಬಾಕೆನ ನಕ್ಕಳು,
“ಅಕ್ಕ ನೀರಂದ್ರ ಅಂಜತಿದ್ಲು.”

ಪೆಡಲ್ ತುಳದಿವಿ. ಆಕೀವು ಹೊಲಿಗಿ ಮಿಷಿನ್ನಿನ ಕಾಲು,
ನನ್ನವಕ್ಕಿಂತ ಗಟ್ಟಿ.
ನಡುಹೊಳ್ಯಾಗ ಬಕ್ಕಲ್ ತಗದು ಗಂಟು ಬಿಚ್ಚಿದಳು.
ಬಗ್ಗುವಾಗ ಆಸರಕ್ಕ ಹಂಸದ ಕುತ್ತಿಗಿ ಹಿಡದಳು.
ಬ್ಯಾಡ ಅನ್ನಾಕ ಬಾಯಿ ತಗದಾಂವ ಸುಮ್ಮನಾದೆ.
ಬೂದಿ ಒಂದಷ್ಟು ತೇಲಿತು,
ದಂಡಿ ಕಡೆ ಅಲ್ಲ, ಹರವಿನ ಕಡೆನೂ ಅಲ್ಲ,
ಆಮ್ಯಾಲೆ ಇರಲಿಲ್ಲ.

ಸಂಜಿಕೆ ಪುಟ್ಟಿ ಬಿಗದಿತ್ತು.
ಅದರಾಗ ನಾಕು ಬೆರಳು, ಒಂದು ಹೆಬ್ಬಟ್ಟು.
ಎಂಬತ್ತರ ಕಾಗದ ಕೈಯಾಗ ಹಿಡಕೊಂಡು ನಿಂತೆ,
ಮತ್ತ ಚೀಲದಾಗ ಇಟ್ಟೆ.

ಬಿಲ್ಲು ಬರದೆ: ಕುತ್ತಿಗಿ ಮೂರು, ಪುಟ್ಟಿ ಒಂದೂವರಿ ಕೇಜಿ.
ಮ್ಯಾನೇಜರ ಫೋನ್ ಮಾಡಿ ಬೈದ,
ಏಳನೇದಕ್ಕ ಫಿನಿಶಿಂಗ್ ಇಲ್ಲ ಅಂತ.
ಹೌದರಿ, ಅಂದೆ.